ಧ್ರುವಪ್ರಭೆಯ ನಾಡಿನಲ್ಲಿ ಮದುವೆ: ಫಿನ್‌ಲ್ಯಾಂಡಿನ ಸಾರಿಸೆಲ್ಕಾದಲ್ಲಿ ಚಳಿಗಾಲದ ಮದುವೆ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಧ್ರುವಪ್ರಭೆಗೆ ಮುಹೂರ್ತ ಇಡಲು ಆಗುವುದಿಲ್ಲ. ಎಷ್ಟು ದುಡ್ಡು ಸುರಿದರೂ, ಯಾವ ಆ್ಯಪ್ ನೋಡಿದರೂ, ಇಂಥ ದಿನ ಇಷ್ಟು ಗಂಟೆಗೆ ಆಕಾಶ ಹಸಿರಾಗುತ್ತದೆ ಎಂದು ಯಾರೂ ಬರೆದುಕೊಡಲಾರರು. ಅದಕ್ಕೇ ಮದುವೆಯನ್ನು ಹಗಲಿಗೆ ಇಟ್ಟುಕೊಳ್ಳಿ, ರಾತ್ರಿಗಳನ್ನು ಆಕಾಶಕ್ಕೆ ಬಿಡಿ. ಈ ಒಂದು ತೀರ್ಮಾನ ಗಟ್ಟಿಯಾದರೆ ಉಳಿದ ಕೆಲಸ ಎಷ್ಟೋ ಸಲೀಸು.

ನಾನು ಫಿನ್‌ಲ್ಯಾಂಡಿನ ಔಲು ಊರಿನಲ್ಲಿ ಇರುವವಳು. ಚಿಕ್ಕಪ್ಪನ ಮಗಳ ಮದುವೆ ಸಾರಿಸೆಲ್ಕಾದಲ್ಲಿ ಆದಾಗ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ಶಿವಮೊಗ್ಗದವರು, ಬೆಂಗಳೂರಿನವರು, ಇಲ್ಲಿನ ಸ್ನೇಹಿತರು ಎಲ್ಲ ಸೇರಿ 22 ಜನ. ಅವರಲ್ಲಿ 72 ವರ್ಷದ ಅಜ್ಜಿಯೂ ಇದ್ದರು. ಆಗ ಕಲಿತದ್ದನ್ನು, ತಪ್ಪು ಮಾಡಿ ತಿದ್ದಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಜಾಗ: ಕರಾವಳಿಯೋ, ಒಳನಾಡೋ?

ಧ್ರುವಪ್ರಭೆ ಎಂದರೆ ಸೂರ್ಯನಿಂದ ಹೊರಟ ವಿದ್ಯುತ್ ಕಣಗಳ ಆಟ. ಅವು ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ, ಧ್ರುವದ ಸುತ್ತ ಬಳೆಯಂಥ ಒಂದು ಪಟ್ಟಿಯಲ್ಲಿ ಕೆಳಗಿಳಿಯುತ್ತವೆ. ಸುಮಾರು 100ರಿಂದ 150 ಕಿ.ಮೀ. ಎತ್ತರದಲ್ಲಿ ಆಮ್ಲಜನಕಕ್ಕೆ ಬಡಿದರೆ ಹಸಿರು. 200 ಕಿ.ಮೀ.ಗಿಂತ ಮೇಲೆ ಕೆಂಪು. ಸಾರಜನಕದಿಂದ ನೀಲಿ, ನೇರಳೆ. ಆ ಬಳೆ ಉತ್ತರ ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡುಗಳ ಮೇಲೆ ಹಾದುಹೋಗುತ್ತದೆ. ಹಾಗಾಗಿ ಮೂರೂ ಕಡೆ ಬೆಳಕಿನ ಸಾಧ್ಯತೆ ಚೆನ್ನಾಗಿಯೇ ಇದೆ. ವ್ಯತ್ಯಾಸ ಇರುವುದು ಮೋಡದಲ್ಲಿ, ಚಳಿಯಲ್ಲಿ.

ನಾರ್ವೆಯ ಟ್ರೊಮ್ಸೊ ಸಮುದ್ರದ ಪಕ್ಕದ ಊರು. ಬೆಚ್ಚಗಿನ ಸಾಗರ ಪ್ರವಾಹದಿಂದ ಅಲ್ಲಿ ಚಳಿ ಕಡಿಮೆ, ಆದರೆ ಮೋಡ ಜಾಸ್ತಿ. ಸ್ವೀಡನ್ನಿನ ಯುಕ್ಕಸ್‌ಯಾರ್ವಿಯಲ್ಲಿ ಟೊರ್ನೆ ನದಿಯ ಮಂಜುಗಡ್ಡೆಯಿಂದಲೇ ಕಟ್ಟುವ ಹೋಟೆಲ್ ಇದೆ. 1989ರಿಂದ ನಡೆದುಬಂದಿದೆ. ನೋಡಲು ಅದ್ಭುತ, ಆದರೆ ಒಳಗೂ ಸೊನ್ನೆಗಿಂತ ಕೆಳಗಿನ ತಾಪಮಾನ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಯೋಚಿಸಬೇಕು.

ನಾವು ಫಿನ್‌ಲ್ಯಾಂಡಿನ ಸಾರಿಸೆಲ್ಕಾ ಆರಿಸಿಕೊಂಡೆವು. ಧ್ರುವವೃತ್ತದಿಂದ ಸಾಕಷ್ಟು ಉತ್ತರಕ್ಕಿದೆ. ಒಳನಾಡು, ಹಾಗಾಗಿ ಗಾಳಿ ಒಣಗಿರುತ್ತದೆ. ಇವಾಲೊ ವಿಮಾನ ನಿಲ್ದಾಣ ಅರ್ಧ ಗಂಟೆಯ ದಾರಿ. ಪಕ್ಕದಲ್ಲೇ ಉರ್ಹೊ ಕೆಕ್ಕೊನೆನ್ ರಾಷ್ಟ್ರೀಯ ಉದ್ಯಾನ, ಎಂದರೆ ಊರು ದಾಟಿದ ಕೂಡಲೇ ಕತ್ತಲೆ. ಕತ್ತಲೆಯೇ ಇಲ್ಲಿನ ದೊಡ್ಡ ಆಸ್ತಿ.

2. ದಿನ: ಪಂಚಾಂಗವೂ ಹಿಮವೂ ಒಪ್ಪುವ ತಿಂಗಳು

ಡಿಸೆಂಬರ್ ಎಂದ ಕೂಡಲೇ ಎಲ್ಲರ ಕಣ್ಣು ಅರಳುತ್ತದೆ. ಆದರೆ ಸಾರಿಸೆಲ್ಕಾದಲ್ಲಿ ಡಿಸೆಂಬರ್ ಮೊದಲ ವಾರದಿಂದ ಜನವರಿ 10ರ ಸುಮಾರಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಇದನ್ನು ಫಿನ್ನಿಷ್ ಜನ ಕಾಮೋಸ್ ಎನ್ನುತ್ತಾರೆ. ನಡುಹಗಲಲ್ಲಿ ಕೆಲವು ಗಂಟೆ ನೀಲಿ ಬೆಳಕು, ಉಳಿದಂತೆ ಇರುಳು. ಆ ನೀಲಿ ನಿಜಕ್ಕೂ ಚೆಂದ. ಆದರೆ ಕ್ರಿಸ್‌ಮಸ್ ಸಮಯಕ್ಕೆ ಕೋಣೆಗಳ ಬೆಲೆ ಆಕಾಶಕ್ಕೇರಿರುತ್ತದೆ. ನಮ್ಮ ಕಡೆ ಅದೇ ಹೊತ್ತಿಗೆ ಧನುರ್ಮಾಸ, ಮದುವೆ ಮಾಡುವ ಹಾಗಿಲ್ಲ. ಎರಡೂ ಒಟ್ಟಿಗೆ ತಪ್ಪಿಹೋಗುವುದು ಒಳ್ಳೆಯದೇ ಆಯಿತು.

ನನ್ನ ಮಟ್ಟಿಗೆ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಕಾಲವೇ ಸರಿ. ಮಾಘ, ಫಾಲ್ಗುಣಗಳಲ್ಲಿ ನಮ್ಮಲ್ಲೂ ಮುಹೂರ್ತಗಳು ಸಿಗುತ್ತವೆ. ಇಲ್ಲಿ ಹಿಮ ಮೊಣಕಾಲು ಮುಳುಗುವಷ್ಟು ಇರುತ್ತದೆ. ಹಗಲಲ್ಲಿ ಬಿಸಿಲು ಬರುತ್ತದೆ, ರಾತ್ರಿಯೂ ಸಾಕಷ್ಟು ಉದ್ದ. ವಿಷುವದ ಆಸುಪಾಸಿನಲ್ಲಿ, ಎಂದರೆ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಧ್ರುವಪ್ರಭೆಯ ಚಟುವಟಿಕೆಯೂ ಹೆಚ್ಚುತ್ತದೆ.

ಚಂದ್ರನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹುಣ್ಣಿಮೆಯ ಬೆಳದಿಂಗಳು ಹಿಮದ ಮೇಲೆ ಬಿದ್ದರೆ ಮಂಕಾದ ಪ್ರಭೆ ಕಾಣುವುದಿಲ್ಲ. ಮಾರ್ಚಿನಲ್ಲಿ ಇಲ್ಲಿ ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನದಿಂದ ದಿನಕ್ಕೆ ತುಂಬಾ ತಡವಾಗಿ ಹುಟ್ಟುತ್ತಾನೆ. ಕೃಷ್ಣಪಕ್ಷದ ಚೌತಿ, ಪಂಚಮಿಯ ಹೊತ್ತಿಗೆ ಸಂಜೆಯ ಆಕಾಶ ಪೂರ್ತಿ ಕಪ್ಪು. ಅಂಥ ದಿನಗಳಲ್ಲಿ ಮುಹೂರ್ತ ಸಿಕ್ಕರೆ ಬಿಡಬೇಡಿ.

ಪುರೋಹಿತರಿಗೆ ದಿನ ಕೇಳುವಾಗ ಊರಿನ ಅಕ್ಷಾಂಶ, ರೇಖಾಂಶವನ್ನು ಮುಂಚೆಯೇ ಕೊಡಿ. ಧ್ರುವವೃತ್ತದ ಆಚೆ ಕೆಲವು ರಾಶಿಗಳ ಒಂದಷ್ಟು ಭಾಗ ಉದಯಿಸುವುದೇ ಇಲ್ಲ. ಲಗ್ನದ ಲೆಕ್ಕಕ್ಕೆ ಅವರಿಗೆ ಸಮಯ ಬೇಕು. ನಮ್ಮ ಪುರೋಹಿತರು ಒಂದು ವಾರ ತೆಗೆದುಕೊಂಡು, ಬೆಳಗಿನ ಹೊತ್ತನ್ನೇ ಹುಡುಕಿಕೊಟ್ಟರು. ಚಳಿಗಾಲದಲ್ಲಿ ಫಿನ್‌ಲ್ಯಾಂಡ್ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ 10 ಎಂದರೆ ಊರಲ್ಲಿ ಮಧ್ಯಾಹ್ನ ಒಂದೂವರೆ. ಬರಲಾಗದವರು ಊಟ ಮುಗಿಸಿ ವಿಡಿಯೊದಲ್ಲಿ ಆರಾಮಾಗಿ ನೋಡಬಹುದು.

3. ಕಾನೂನು: ನೋಂದಣಿಯನ್ನು ಊರಲ್ಲೇ ಮುಗಿಸಿ

ಫಿನ್‌ಲ್ಯಾಂಡಿನಲ್ಲಿ ವಿದೇಶಿಯರು ಕಾನೂನುಬದ್ಧವಾಗಿ ಮದುವೆಯಾಗಬಹುದು. ಅದಕ್ಕೆ ಮೊದಲು ಅಲ್ಲಿನ ಜನಸಂಖ್ಯಾ ದಾಖಲೆ ಇಲಾಖೆ, ಮದುವೆಗೆ ಅಡ್ಡಿ ಇಲ್ಲ ಎಂದು ಪರಿಶೀಲಿಸಿ ಪತ್ರ ಕೊಡಬೇಕು. ಆ ಪತ್ರ ನಾಲ್ಕು ತಿಂಗಳು ಚಾಲ್ತಿಯಲ್ಲಿರುತ್ತದೆ. ಅದಕ್ಕಾಗಿ ಊರಿನಿಂದ ಅವಿವಾಹಿತ ಎಂಬ ಪ್ರಮಾಣಪತ್ರ ತರಿಸಬೇಕು, ಅದಕ್ಕೆ ಅಪೋಸ್ಟಿಲ್ (ಹೊರದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ) ಹಾಕಿಸಬೇಕು. ಮದುವೆ ಮಾಡಿಸುವವರಿಗೆ ಅಲ್ಲಿನ ಸರ್ಕಾರ ಹಕ್ಕು ಕೊಟ್ಟಿರಬೇಕು. ಇಬ್ಬರು ಸಾಕ್ಷಿಗಳು ಬೇಕು. ಊರಿನಿಂದ ಹೋದ ಪುರೋಹಿತರು ಮಾಡಿಸಿದ ಶಾಸ್ತ್ರಕ್ಕೆ ಅಲ್ಲಿ ತಾನಾಗಿ ಕಾನೂನಿನ ಮಾನ್ಯತೆ ಬರುವುದಿಲ್ಲ.

ಇಬ್ಬರೂ ಭಾರತದಲ್ಲೇ ಇದ್ದರೆ ಇಷ್ಟು ಸುತ್ತಾಟ ಬೇಡ. 1954ರ ವಿಶೇಷ ವಿವಾಹ ಕಾಯ್ದೆಯಡಿ ಊರಿನಲ್ಲೇ ನೋಂದಣಿ ಮಾಡಿಸಿ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು. ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ಮೂವರು ಸಾಕ್ಷಿಗಳು ಬೇಕು. ಹಾಗಾಗಿ ಹೊರಡುವ ಮೂರು ತಿಂಗಳ ಮುಂಚೆಯೇ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿಬನ್ನಿ. ನಾವು ಮಾಡಿದ್ದೂ ಹೀಗೇ. ಕಾಗದದ ಚಿಂತೆ ಊರಲ್ಲೇ ಕಳೆಯಿತು, ಸಾರಿಸೆಲ್ಕಾಗೆ ಶಾಸ್ತ್ರವನ್ನಷ್ಟೇ ಹೊತ್ತು ಹೋದೆವು.

4. ವೀಸಾ, ಪ್ರಯಾಣ

ಫಿನ್‌ಲ್ಯಾಂಡಿಗೆ ಬರಲು ಬೇಕಾದ ಷೆಂಗೆನ್ ವೀಸಾಗೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ, ಆದರೆ ಅಲ್ಲಿಯವರೆಗೆ ಕಾಯಬೇಡಿ. ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ವಾಪಸು ಹೊರಡುವ ದಿನದಿಂದ ಇನ್ನೂ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಎಲ್ಲರ ಅರ್ಜಿಗೂ ಮದುವೆಯ ಕರೆಯೋಲೆ, ಕೋಣೆ ಕಾಯ್ದಿರಿಸಿದ ಪತ್ರ, ದಿನದಿನದ ವೇಳಾಪಟ್ಟಿ ಲಗತ್ತಿಸಿ. ನಮ್ಮಲ್ಲಿ ಒಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಥರ, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಥರ ಇತ್ತು. ಅದನ್ನು ಸರಿಮಾಡಿಸಲು ಮೂರು ವಾರ ಹೋಯಿತು. ಮೊದಲೇ ನೋಡಿಕೊಳ್ಳಿ.

ಬೆಂಗಳೂರಿನಿಂದ ಹೊರಟವರು ಹೆಲ್ಸಿಂಕಿಯಲ್ಲಿ ಒಂದು ರಾತ್ರಿ ತಂಗುವುದು ಒಳ್ಳೆಯದು. ಅಲ್ಲಿಂದ ಇವಾಲೊಗೆ ಒಂದೂ ಮುಕ್ಕಾಲು ಗಂಟೆಯೊಳಗಿನ ವಿಮಾನ. ರೈಲು ಇಷ್ಟಪಡುವವರಿಗೆ ಹೆಲ್ಸಿಂಕಿಯಿಂದ ರೊವಾನಿಯೆಮಿಗೆ ರಾತ್ರಿ ರೈಲಿದೆ. ಅಲ್ಲಿಂದ ಮುಂದೆ ಬಸ್ಸು. ಕಾರು ಬಾಡಿಗೆಗೆ ತೆಗೆದುಕೊಂಡು ಹಿಮದ ಮೇಲೆ ಓಡಿಸುವ ಆಸೆ ಬೇಡ. ರಸ್ತೆಗೆ ಹಿಮಸಾರಂಗಗಳು ಅಡ್ಡ ಬರುತ್ತವೆ, ಸರಿದು ದಾರಿ ಬಿಡುವ ಆತುರ ಅವಕ್ಕಿಲ್ಲ. 22 ಜನಕ್ಕೆ ಒಂದು ಮಿನಿಬಸ್, ಅಲ್ಲಿನವರೇ ಆದ ಚಾಲಕರು. ಇದೇ ನೆಮ್ಮದಿ.

5. ಉಳಿಯುವುದು: ಕನಿಷ್ಠ ನಾಲ್ಕು ರಾತ್ರಿ

ಎರಡು ರಾತ್ರಿಗೆ ಬಂದು ಮೋಡ ನೋಡಿಕೊಂಡು ಹೋದವರನ್ನು ಎಷ್ಟೋ ಮಂದಿ ಕಂಡಿದ್ದೇನೆ. ನಾಲ್ಕು ರಾತ್ರಿ ಇರಿ, ಐದಾದರೆ ಇನ್ನೂ ಒಳ್ಳೆಯದು. ಮದುವೆಯನ್ನು ಎರಡನೆಯ ದಿನಕ್ಕೆ ಇಡಿ. ಮೊದಲ ದಿನ ಮೈ ಚಳಿಗೆ ಒಗ್ಗಲಿ, ಕಳೆದುಹೋದ ಸಾಮಾನು ಬಂದು ಸೇರಲಿ. ಕೋಣೆಗಳನ್ನು ಒಂದು ವರ್ಷ ಮುಂಚೆ ಹಿಡಿಯಬೇಕು.

ಗಾಜಿನ ಮಾಡಿನ ಇಗ್ಲೂಗಳು ಪಟಗಳಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಮದುಮಕ್ಕಳಿಗೆ ಒಂದೆರಡು ರಾತ್ರಿಗೆ ಮಾತ್ರ ಇಟ್ಟುಕೊಳ್ಳಿ. ಉಳಿದವರಿಗೆ ಅಡುಗೆಮನೆ, ಸೌನಾ (ಬಿಸಿ ಆವಿಯ ಕೋಣೆ) ಎರಡೂ ಇರುವ ಮರದ ಮನೆಗಳು ಬೇಕು. ಒಳಗೆ ಬೆಚ್ಚಗಿರುತ್ತದೆ, ರಾತ್ರಿ ಹನ್ನೊಂದಕ್ಕೂ ಸಾರು ಬಿಸಿ ಮಾಡಿಕೊಳ್ಳಬಹುದು. ಅಜ್ಜಿ ಎರಡನೆಯ ದಿನವೇ ಸೌನಾಗೆ ಒಗ್ಗಿಕೊಂಡರು, ಮಂಡಿ ನೋವು ಕಮ್ಮಿಯಾಗಿದೆ ಎಂದರು.

ಹಿಮದಲ್ಲಿ ಕಟ್ಟುವ ಪುಟ್ಟ ಚರ್ಚಿನಂಥ ಚಾಪೆಲ್‌ನಲ್ಲಿ ಮದುವೆ ಮಾಡುವ ಆಸೆ ಇದ್ದರೆ ಒಂದು ವಿಷಯ ಗಮನಿಸಿ. ಅವನ್ನು ಪ್ರತಿ ವರ್ಷ ಹೊಸದಾಗಿ ಕಟ್ಟುತ್ತಾರೆ. ಯಾವಾಗ ಮುಗಿಯುತ್ತದೆ ಎಂಬುದು ಆ ವರ್ಷದ ಚಳಿಗೆ ಬಿಟ್ಟದ್ದು. ಡಿಸೆಂಬರಿನ ಮೊದಲ ವಾರಕ್ಕೆ ಅದನ್ನು ನಂಬಿಕೊಳ್ಳಬೇಡಿ.

6. ಶಾಸ್ತ್ರ: ಯಾವುದು ಒಳಗೆ, ಯಾವುದು ಹೊರಗೆ

ನಾನು ತುಂಬಾ ತಲೆ ಕೆಡಿಸಿಕೊಂಡದ್ದು ಇಲ್ಲೇ. ಮೊದಲು ಎಲ್ಲವನ್ನೂ ಹಿಮದ ಮೇಲೇ ಮಾಡೋಣ ಎಂದುಕೊಂಡಿದ್ದೆವು. ಆಮೇಲೆ ಒಂದೊಂದೇ ಶಾಸ್ತ್ರ ಹಿಡಿದು ಯೋಚಿಸಿದೆವು.

ಧಾರೆ ಎಂದರೆ ನೀರು. ಮೈನಸ್ 20 ಡಿಗ್ರಿಯಲ್ಲಿ ಒದ್ದೆ ಕೈ ನಿಮಿಷಗಳಲ್ಲಿ ಮರಗಟ್ಟುತ್ತದೆ. ಹಾಗಾಗಿ ಧಾರೆ ಒಳಗೇ ಆಗಬೇಕು. ದೊಡ್ಡ ಕಿಟಕಿ ಇರುವ ಕೋಣೆ ಆರಿಸಿದೆವು. ಹಿಂದೆ ಹಿಮ ಹೊತ್ತ ಮರಗಳು, ಮುಂದೆ ಅಂತರಪಟ. ಜೀರಿಗೆ ಬೆಲ್ಲ, ಮಾಂಗಲ್ಯಧಾರಣೆ, ಅಕ್ಷತೆ ಎಲ್ಲ ಅಲ್ಲೇ ಮುಗಿಯಿತು.

ಸಪ್ತಪದಿಗೆ ಬೆಂಕಿ ಬೇಕು. ಮರದ ಮನೆಯೊಳಗೆ ಹೋಮಕ್ಕೆ ಯಾರೂ ಒಪ್ಪುವುದಿಲ್ಲ. ಹೊಗೆ ಎದ್ದರೆ ಅಲಾರಂ ಕೂಗುತ್ತದೆ. ಇದಕ್ಕೆ ಇಲ್ಲಿನ ನೆಲದಲ್ಲೇ ಒಂದು ಉತ್ತರ ಇದೆ. ಅದರ ಹೆಸರು ಕೋಟಾ. ನಡುವೆ ಒಲೆ, ಮೇಲೆ ಹೊಗೆ ಹೋಗಲು ಕಿಂಡಿ, ಸುತ್ತ ಬೆಂಚು ಇರುವ ಗುಡಿಸಲು. ಬೇಟೆಗಾರರು, ಹಿಮಸಾರಂಗ ಕಾಯುವವರು ಮೈ ಕಾಯಿಸಿಕೊಳ್ಳುತ್ತಿದ್ದ ಬೆಂಕಿ ಅದು. ಅದರ ಸುತ್ತ ಏಳು ಹೆಜ್ಜೆ ಇಟ್ಟಾಗ ಬೇರೆ ಊರಿನಲ್ಲಿದ್ದೇವೆ ಅನ್ನಿಸಲೇ ಇಲ್ಲ. ಕೋಟಾ ಆರಿಸುವಾಗ ಒಲೆಯ ಸುತ್ತ ಇಬ್ಬರು ನಡೆಯುವಷ್ಟು ಜಾಗ ಇದೆಯೇ ಎಂದು ನೀವೇ ಅಳೆದು ನೋಡಿ. ತುಪ್ಪ, ಸಮಿತ್ತು ಹಾಕುತ್ತೇವೆ ಎಂದು ಮಾಲೀಕರಿಗೆ ಮುಂಚೆ ಹೇಳಿ, ಒಪ್ಪಿಗೆ ಪಡೆಯಿರಿ. ಬಯಲಲ್ಲಿ ಬೆಂಕಿ ಹಾಕುವುದಕ್ಕೂ ಜಾಗದ ಒಡೆಯರ ಅನುಮತಿ ಬೇಕೇ ಬೇಕು. ಕಾಡಿನಲ್ಲಿ ನಡೆದಾಡಲು ಎಲ್ಲರಿಗೂ ಹಕ್ಕಿದೆ, ಬೆಂಕಿ ಹಾಕುವುದು ಆ ಹಕ್ಕಿನಲ್ಲಿ ಸೇರಿಲ್ಲ.

ಹೊರಗೆ ಉಳಿದದ್ದು ಫೋಟೊ, ಹಿಮಸಾರಂಗದ ಜಾರುಬಂಡಿ. ಹತ್ತು ಹದಿನೈದು ನಿಮಿಷ ಹೊರಗೆ, ಮತ್ತೆ ಬೆಂಕಿಯ ಹತ್ತಿರ. ಹೀಗೆ ಸರದಿ ಇಟ್ಟುಕೊಳ್ಳಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಸಾರಿಸೆಲ್ಕಾ ಇರುವ ಇನಾರಿ ಸೀಮೆ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ನೆಲ. ಫಿನ್‌ಲ್ಯಾಂಡಿನ ಸಾಮಿ ಸಂಸತ್ತು ಇರುವುದೂ ಇನಾರಿ ಊರಿನಲ್ಲೇ. ಅವರ ಉಡುಗೆ ಗಾಕ್ತಿ. ಅದನ್ನು ನೋಡಿದರೆ ತೊಟ್ಟವರು ಯಾವ ಊರಿನವರು, ಯಾವ ಮನೆತನದವರು ಎಂದು ಬಲ್ಲವರಿಗೆ ಗೊತ್ತಾಗುತ್ತದೆ. ಫೋಟೊಗೆಂದು ಅದರ ನಕಲು ತೊಡಬೇಡಿ, ಅದು ಅವರ ಮನಸ್ಸು ನೋಯಿಸುತ್ತದೆ. ಜಾರುಬಂಡಿಗೆ ಹಿಮಸಾರಂಗ ಸಾಕುವ ಮನೆಯವರನ್ನೇ ಹುಡುಕಿ. ನಿಮ್ಮ ಹತ್ತಿರ ಎಷ್ಟು ಹಿಮಸಾರಂಗ ಇವೆ ಎಂದು ಮಾತ್ರ ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಿದ ಹಾಗೆ ಅದು.

7. ಉಡುಪು: ರೇಷ್ಮೆಯ ಒಳಗೆ ಉಣ್ಣೆ

ಕಾಂಜೀವರಂ ಉಡಬಹುದು, ಖಂಡಿತ ಉಡಬಹುದು. ಒಳಗೆ ಮೈಗೆ ಅಂಟುವ ಮೆರಿನೊ ಉಣ್ಣೆಯ ಥರ್ಮಲ್ ಇರಬೇಕು, ಮೇಲೂ ಕೆಳಗೂ. ರವಿಕೆಯನ್ನು ಉದ್ದ ತೋಳಿಟ್ಟು, ಸ್ವಲ್ಪ ಸಡಿಲವಾಗಿ ಹೊಲಿಸಿ. ಅಳತೆ ಕೊಡುವಾಗ ಥರ್ಮಲ್ ಹಾಕಿಕೊಂಡೇ ದರ್ಜಿಯ ಹತ್ತಿರ ಹೋಗಿ. ಇದನ್ನು ಮರೆತು ನಾವು ಮೂರು ರವಿಕೆ ಬಿಚ್ಚಿ ಹೊಲಿದೆವು. ಸೀರೆಯ ಮೇಲೆ ಉಣ್ಣೆಯ ಶಾಲು, ಅದರ ಮೇಲೆ ಗಾಳಿ ತಡೆಯುವ ಕೋಟು. ಫೋಟೊ ಹೊತ್ತಿಗೆ ಕೋಟು ತೆಗೆದು, ಮುಗಿದ ಕೂಡಲೇ ಹಾಕಿಕೊಳ್ಳಬೇಕು. ಹತ್ತಿ ಬಟ್ಟೆಯನ್ನು ಮೈಗೆ ತಾಗಿಸಬೇಡಿ. ಬೆವರು ಹೀರಿ ಒದ್ದೆಯಾದರೆ ಅದೇ ಮೈಯನ್ನು ತಣ್ಣಗಾಗಿಸುತ್ತದೆ.

ಪಾದಕ್ಕೆ ಚಪ್ಪಲಿ, ಹೈಹೀಲು ಯಾವುದೂ ಬೇಡ. ಒಂದು ಅಳತೆ ದೊಡ್ಡದಾದ, ಒಳಗೆ ಉಣ್ಣೆ ಇರುವ ಬೂಟು. ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಸೀರೆಯ ನೆರಿಗೆ ಬೂಟನ್ನು ಮುಚ್ಚುತ್ತದೆ, ಯಾರಿಗೂ ಕಾಣುವುದಿಲ್ಲ.

ಒಡವೆ ವಿಚಾರದಲ್ಲಿ ಹುಷಾರಾಗಿರಿ. ಲೋಹ ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಜುಮಕಿ, ಮೂಗುಬೊಟ್ಟು, ಕಾಲುಂಗುರ ತಾಗುವ ಕಡೆ ಚರ್ಮ ಮೊದಲು ಸುಡುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ. ಒಳಗಿನ ಶಾಸ್ತ್ರಕ್ಕೆ ಎಲ್ಲ ತೊಡಿ, ಹೊರಗೆ ಹೋಗುವಾಗ ಕಿವಿ, ಮೂಗಿನವನ್ನು ತೆಗೆದಿಡಿ. ಮಾಂಗಲ್ಯ ಉಣ್ಣೆಯ ಒಳಗೆ ಬೆಚ್ಚಗಿರುತ್ತದೆ.

ಅತಿಥಿಗಳು ದಪ್ಪ ಜಾಕೆಟ್ಟಿಗೆ ಬೆಂಗಳೂರಿನಲ್ಲಿ ದುಡ್ಡು ಹಾಕುವುದು ಬೇಡ. ಇಲ್ಲಿ ತಲೆಯಿಂದ ಕಾಲಿನವರೆಗಿನ ಚಳಿಯುಡುಪು, ಬೂಟು ಎಲ್ಲ ಬಾಡಿಗೆಗೆ ಸಿಗುತ್ತದೆ. ಥರ್ಮಲ್, ಉಣ್ಣೆಯ ಕಾಲುಚೀಲ ಮಾತ್ರ ಸ್ವಂತದ್ದಿರಲಿ.

8. ಸಾಮಾನು, ಹೂವು, ಊಟ

ಯುರೋಪ್ ಒಕ್ಕೂಟಕ್ಕೆ ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಹಾಗಾಗಿ ತುಪ್ಪ, ಪೇಡ ಊರಲ್ಲೇ ಬಿಡಿ. ಇಲ್ಲಿನ ಬೆಣ್ಣೆ ಬಹಳ ಚೆನ್ನಾಗಿದೆ, ಹಿಂದಿನ ದಿನ ಕಾಯಿಸಿ ತುಪ್ಪ ಮಾಡಿದೆವು. ಮಾವಿನ ಎಲೆ, ವೀಳ್ಯದೆಲೆ, ಕರಿಬೇವು, ಹೂವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣಿಗೆ ಆ ಪತ್ರ ಬೇಡ, ಅವು ಇಲ್ಲಿನ ಅಂಗಡಿಯಲ್ಲೂ ಸಿಗುತ್ತವೆ. ಕರ್ಪೂರ, ಬೆಂಕಿಪೊಟ್ಟಣ, ಒಣ ಕೊಬ್ಬರಿಯನ್ನು ವಿಮಾನದ ಸಾಮಾನಿಗೆ ಹಾಕಬೇಡಿ, ತೆಗೆದು ಬಿಸಾಡುತ್ತಾರೆ. ಸಾರಿನ ಪುಡಿ, ಹುಣಸೆಹಣ್ಣು, ಅವಲಕ್ಕಿ, ಚಟ್ನಿಪುಡಿ ಎಲ್ಲರ ಚೀಲದಲ್ಲೂ ಒಂದೊಂದು ಪೊಟ್ಟಣ ಇರಲಿ.

ಹಸಿ ಹೂವು ಹೊರಗೆ ಬಂದ ಕೆಲವೇ ನಿಮಿಷದಲ್ಲಿ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಒಳಗಿನ ಹಾರಕ್ಕೆ ಅಲ್ಲಿನ ಹೂವಿನಂಗಡಿಗೆ ಮುಂಚೆ ಹೇಳಿ. ಹೊರಗಿನ ಫೋಟೊಗೆ ನಮ್ಮ ಅತ್ತೆ ಬಿಳಿ, ಹಳದಿ ಉಣ್ಣೆಯಲ್ಲಿ ಹೆಣೆದ ಹಾರ ತಂದಿದ್ದರು. ಅದು ಈಗಲೂ ಮನೆಯ ಗೋಡೆಯಲ್ಲಿದೆ.

ಇಲ್ಲಿನ ಊಟದಲ್ಲಿ ಹಿಮಸಾರಂಗದ ಮಾಂಸ, ಸಾಲ್ಮನ್ ಮೀನು ಮುಖ್ಯ. ಸಸ್ಯಾಹಾರಿಗಳ ಎಣಿಕೆಯನ್ನು ಎರಡು ತಿಂಗಳ ಮುಂಚೆ ಕೊಡಿ. ಮೀನು ಕೂಡ ತಿನ್ನುವುದಿಲ್ಲ ಎಂದು ಬಿಡಿಸಿ ಹೇಳಿ. ಲೈಪಾಯೂಸ್ತೊ ಎಂಬ ಸುಟ್ಟ ಚೀಸ್ ಇದೆ, ಪನೀರಿನ ಹತ್ತಿರದ ನೆಂಟ ಅನ್ನಬಹುದು. ಹಳದಿ ಕ್ಲೌಡ್‌ಬೆರಿ ಜಾಮ್ ಜೊತೆ ಬಿಸಿಬಿಸಿ ಕೊಡುತ್ತಾರೆ. ಆದರೆ ಮಾಮೂಲಿ ಚೀಸ್‌ನಲ್ಲಿ ಹಾಲು ಒಡೆಸಲು ಹಾಕುವ ಪ್ರಾಣಿಮೂಲದ ರೆನೆಟ್ ಇರಬಹುದು, ಕಟ್ಟುನಿಟ್ಟಿನವರು ಕೇಳಿಕೊಳ್ಳಿ.

9. ಮೈ ಹುಷಾರು

ಚಳಿಯಲ್ಲಿ ಗಾಳಿಯೂ ಸೇರಿ ಮೈಗೆ ಮೈನಸ್ 30 ಅನ್ನಿಸುವಾಗ, ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಕೆನ್ನೆ, ಮೂಗಿನ ತುದಿ ಬೆಳ್ಳಗಾಯಿತೇ ಎಂದು ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿರಬೇಕು. ಬೆಳ್ಳಗಾದರೆ ಉಜ್ಜಬೇಡಿ. ಒಳಗೆ ಹೋಗಿ, ಬೆಚ್ಚನೆಯ ಅಂಗೈ ಒತ್ತಿ ಹಿಡಿಯಿರಿ. ಉಬ್ಬಸ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಟಿಕೆಟ್ ಮಾಡಿಸಲಿ. ಇವಾಲೊದಲ್ಲಿ ಆರೋಗ್ಯ ಕೇಂದ್ರ ಇದೆ, ಆದರೆ ಕೇಂದ್ರ ಆಸ್ಪತ್ರೆ ಇರುವುದು ಸುಮಾರು 290 ಕಿ.ಮೀ. ದೂರದ ರೊವಾನಿಯೆಮಿಯಲ್ಲಿ. ತುರ್ತು ಸಂಖ್ಯೆ 112. ಔಷಧಿ ಕೈಚೀಲದಲ್ಲೇ ಇರಲಿ.

10. ರಾತ್ರಿಗೆ ಒಂದು ಶಾಸ್ತ್ರ ಉಳಿಸಿಕೊಳ್ಳಿ

ಮದುವೆಯಲ್ಲಿ ಧ್ರುವ, ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರ ಇದೆ ಅಲ್ವಾ? ನಮ್ಮ ಛತ್ರಗಳಲ್ಲಿ ಹಗಲು ಹೊತ್ತಿನಲ್ಲೇ ಆಕಾಶದ ಕಡೆ ಕೈ ತೋರಿಸಿ ಮುಗಿಸುತ್ತೇವೆ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿ ಎತ್ತರದಲ್ಲಿರುತ್ತದೆ, ಕಟ್ಟಡಗಳ ಹಿಂದೆ ಕಾಣುವುದೇ ಇಲ್ಲ. ಸಾರಿಸೆಲ್ಕಾದಲ್ಲಿ ಅದು 68 ಡಿಗ್ರಿ ಎತ್ತರದಲ್ಲಿದೆ. ಸಪ್ತರ್ಷಿ ಮಂಡಲ ಅಲ್ಲಿ ಮುಳುಗುವುದೇ ಇಲ್ಲ. ಮಾರ್ಚಿನ ರಾತ್ರಿ ಹತ್ತಕ್ಕೆ ವಸಿಷ್ಠ, ಅವನ ಪಕ್ಕದ ಅರುಂಧತಿ ಆಕಾಶದಲ್ಲಿ ಸಾಕಷ್ಟು ಎತ್ತರದಲ್ಲೇ ಇರುತ್ತಾರೆ. ಈ ಶಾಸ್ತ್ರವನ್ನು ರಾತ್ರಿಗೆ ಉಳಿಸಿಕೊಳ್ಳಿ. ಪ್ರಭೆ ಬರಲಿ, ಬಾರದಿರಲಿ, ಎಲ್ಲರೂ ಹೊರಗೆ ಹೋಗಿ ತಲೆಯೆತ್ತಲು ಒಂದು ಕಾರಣ ಇರುತ್ತದೆ.

ಮೋಡದ ಮುನ್ಸೂಚನೆಯನ್ನು ಮೊದಲು ನೋಡಿ, ಕೆಪಿ ಸೂಚ್ಯಂಕವನ್ನು (ಭೂಮಿಯ ಕಾಂತಕ್ಷೇತ್ರದ ಕಲಕಾಟವನ್ನು 0ರಿಂದ 9ರವರೆಗೆ ಹೇಳುವ ಅಂಕಿ) ಆಮೇಲೆ. ಇಷ್ಟು ಉತ್ತರದಲ್ಲಿ ಕೆಪಿ 1 ಅಥವಾ 2 ಇದ್ದರೂ ಬೆಳಕು ಕಾಣಬಹುದು. ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿರುವ ಉಪಗ್ರಹಗಳು ಕಣಗಳ ಗಾಳಿಯನ್ನು ಅಳೆದು ತಿಳಿಸುತ್ತವೆ. ಅಲ್ಲಿಂದ ನಮಗೆ ಸಿಗುವುದು ಒಂದು ಗಂಟೆಯೊಳಗಿನ ಎಚ್ಚರಿಕೆ. ರಾತ್ರಿ 9ರಿಂದ 1ರವರೆಗೆ ಇಬ್ಬಿಬ್ಬರು ಸರದಿಯಲ್ಲಿ ಕಾವಲಿರಿ. ಕಂಡ ಕೂಡಲೇ ಫೋನ್ ಗುಂಪಿಗೆ ಒಂದು ಸಂದೇಶ. ಎಲ್ಲರ ಬೂಟು, ಕೋಟು ಬಾಗಿಲ ಬಳಿ ಜೋಡಿಸಿಟ್ಟಿರಲಿ. ಕಣ್ಣು ಕತ್ತಲೆಗೆ ಒಗ್ಗಲು 20 ನಿಮಿಷ ಬೇಕು, ಟಾರ್ಚ್ ಹಾಕಬೇಡಿ. ಬೆಳಕು ಮಂದವಾಗಿದ್ದರೆ ಕಣ್ಣಿಗೆ ಬೂದು ಮೋಡದ ಹಾಗೆ ಕಾಣುತ್ತದೆ, ಕ್ಯಾಮೆರಾಗೆ ಅದೇ ಹಸಿರು. ಪಟಗಳನ್ನು ನೋಡಿ ಬಂದವರಿಗೆ ಇದನ್ನು ಮುಂಚೆಯೇ ಹೇಳಿಡಿ.

ಫೋಟೊಗೆ ಟ್ರೈಪಾಡ್ ಬೇಕೇ ಬೇಕು. ಅಪರ್ಚರ್ 2.8 ಅಥವಾ ಇನ್ನೂ ತೆರೆದಿರಲಿ, ಐಎಸ್‌ಒ 1600ರಿಂದ 3200, ಶಟರ್ 5ರಿಂದ 10 ಸೆಕೆಂಡ್. ಅಷ್ಟು ಹೊತ್ತು ಮದುಮಕ್ಕಳು ಉಸಿರು ಬಿಗಿಹಿಡಿದು ಅಲುಗಾಡದೆ ನಿಲ್ಲಬೇಕು. ಹಗಲಲ್ಲೇ ಒಮ್ಮೆ ಅಭ್ಯಾಸ ಮಾಡಿಸಿ. ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ, ಎರಡನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ಕ್ಯಾಮೆರಾವನ್ನು ಒಳಗೆ ತರುವ ಮೊದಲು ಗಟ್ಟಿಯಾಗಿ ಮುಚ್ಚಿದ ಚೀಲಕ್ಕೆ ಹಾಕಿ, ಇಲ್ಲದಿದ್ದರೆ ಲೆನ್ಸಿನ ಮೇಲೆ ನೀರು ಕೂರುತ್ತದೆ.

ನಮಗೆ ಮದುವೆಯ ರಾತ್ರಿ ಬರೀ ಮೋಡ. ಮರುದಿನವೂ ಮೋಡ. ಅದರ ಮಾರನೆಯ ರಾತ್ರಿ ಹತ್ತೂವರೆಗೆ ಆಕಾಶ ತೆರೆಯಿತು. ಅರುಂಧತಿ ತೋರಿಸೋಣ ಎಂದು ಎಲ್ಲರೂ ಹೊರಬಂದೆವು. ಅಜ್ಜಿಯೇ ಮೊದಲು ಸಪ್ತರ್ಷಿಗಳನ್ನು ಗುರುತು ಹಿಡಿದು, ಮದುಮಗಳ ಗದ್ದ ಹಿಡಿದು ಮೇಲಕ್ಕೆ ಎತ್ತಿದರು. ಉತ್ತರದ ಗುಡ್ಡದ ಮೇಲೆ ತೆಳು ಹಸಿರು ಗೆರೆಯೊಂದು ಮೂಡಿತ್ತು. ಹತ್ತು ನಿಮಿಷದಲ್ಲಿ ಅದು ಅಗಲವಾಗಿ, ಅಲೆಯಾಗಿ ನೆತ್ತಿಯವರೆಗೆ ಬಂತು. ಇಲ್ಲಿನವರು ಇದನ್ನು ರೆವೊಂತುಲೆತ್ ಎನ್ನುತ್ತಾರೆ, ನರಿಯ ಬೆಂಕಿ ಎಂದು ಅರ್ಥ. ನರಿಯೊಂದು ಬೆಟ್ಟದ ಮೇಲೆ ಓಡುತ್ತಾ ಬಾಲದಿಂದ ಹಿಮ ಗುಡಿಸಿದಾಗ ಹಾರಿದ ಕಿಡಿಗಳಂತೆ ಅವು. ಅಜ್ಜಿಗೆ ಆ ಕಥೆ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಕೈಗವಸು ತೆಗೆದು ಬರಿಗೈಯಲ್ಲಿ ಮುಗಿದು ನಿಂತಿದ್ದರು. ನಾನು ಓಡಿ ಹೋಗಿ ಅವರ ಕೈಗೆ ಗವಸು ಹಾಕಿದೆ.

ಅವತ್ತು ಯಾರೂ ಮೂರು ಗಂಟೆಗೆ ಮುಂಚೆ ಮಲಗಲಿಲ್ಲ. ಹಾಗಾಗಿ ವಾಪಸು ಹೊರಡುವ ದಿನ ಮಧ್ಯಾಹ್ನದ ವಿಮಾನವನ್ನೇ ಹಿಡಿಯಿರಿ, ಮಿನಿಬಸ್ಸನ್ನು ಬೆಳಿಗ್ಗೆ ಹತ್ತಕ್ಕಿಂತ ಮುಂಚೆ ಕರೆಯಬೇಡಿ.